ಹಳೆಯ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ, ಹೇಗಿದ್ದಾರೆ? ಬರೆದಿಡುವ ಬಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು. ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಹಲವು ಕಾಲೇಜುಗಳಿಗೆ ಬೆಳ್ಳಿ, ಸುವರ್ಣ, ವಜ್ರ ಮಹೋತ್ಸವಗಳು ಬಂದಿವೆ. ಹಳೆಯ ವಿದ್ಯಾರ್ಥಿ ಸಂಘದವರು ಸ್ಮರಣ ಸಂಚಿಕೆ ತರಲು ಹೊರಟಿದ್ದಾರೆ. ‘ಯಾರು ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ’ ಎಂಬ ಪುಟಗಳ ಹತ್ತಿರ ಬಂದಾಗ ಎಲ್ಲರ ಕೆಲಸವೂ ನಿಂತಿದೆ. ಕಾಲೇಜು ಕಚೇರಿಯ ದಾಖಲೆ, ಸಂಚಿಕೆಯ ಸಂಪಾದನೆ, ಮುದ್ರಣ ಮೂರನ್ನೂ ಬಲ್ಲವರು ಸೇರಿ ಉತ್ತರಿಸಿದ್ದಾರೆ.

ನಮ್ಮ ಪದವಿ ಕಾಲೇಜಿಗೆ ಐವತ್ತು ವರ್ಷ. ದಶಕಕ್ಕೊಂದು ಭಾಗದಂತೆ ಹಳೆಯ ವಿದ್ಯಾರ್ಥಿಗಳ ವಿವರ ಹಾಕಬೇಕೆಂದಿದ್ದೇವೆ. ವಾಟ್ಸಾಪ್ ಗುಂಪಿನಲ್ಲಿ 140 ಜನ ಇದ್ದಾರೆ. ಉಳಿದವರನ್ನು ಹುಡುಕುವುದು ಎಲ್ಲಿಂದ? – ಸಂಘದ ಕಾರ್ಯದರ್ಶಿ, ಬಳ್ಳಾರಿ

ವಾಟ್ಸಾಪ್ ಗುಂಪಿನಿಂದ ಶುರು ಮಾಡಬೇಡಿ. ಅದರಲ್ಲಿರುವವರು ಮೊದಲೇ ಒಬ್ಬರಿಗೊಬ್ಬರು ಗೊತ್ತಿರುವವರು, ಬಹುಪಾಲು ಊರಲ್ಲೇ ಇರುವವರು ಇಲ್ಲವೇ ಬೆಂಗಳೂರಿನವರು. ಅವರನ್ನೇ ಕೇಳುತ್ತ ಹೋದರೆ ಅದೇ ನಲವತ್ತು ಹೆಸರು ಸುತ್ತಿ ಸುತ್ತಿ ಬರುತ್ತವೆ. ಕಾಲೇಜು ಕಚೇರಿಯ ಬೀರು ತೆಗೆಸಿ.

ಅಲ್ಲಿ ನಿಮಗೆ ಬೇಕಾದವು ಮೂರು: ದಾಖಲಾತಿ ರಿಜಿಸ್ಟರು, ಟಿ.ಸಿ. ಪುಸ್ತಕದ ಉಳಿದ ಅರ್ಧ ಹಾಳೆಗಳು, ಫಲಿತಾಂಶದ ಲೆಡ್ಜರು. ದಾಖಲಾತಿ ರಿಜಿಸ್ಟರಿನಲ್ಲಿ ಪೂರ್ಣ ಹೆಸರು, ತಂದೆಯ ಹೆಸರು, ಊರು ಸಿಗುತ್ತವೆ. ಟಿ.ಸಿ. ಹಾಳೆ ಕಾಲೇಜು ಬಿಟ್ಟ ತಾರೀಖು ಹೇಳುತ್ತದೆ, ಎಷ್ಟೋ ಸಲ ಮುಂದೆ ಎಲ್ಲಿಗೆ ಹೋದರೆಂಬ ಸುಳಿವನ್ನೂ ಕೊಡುತ್ತದೆ. ಲೆಡ್ಜರಿನಿಂದ ಪಾಸಾದ ವರ್ಷ ತಿಳಿಯುತ್ತದೆ. ಪ್ರಾಂಶುಪಾಲರಿಗೆ ಬರಹದಲ್ಲಿ ಮನವಿ ಕೊಡಿ. ರಿಜಿಸ್ಟರು ಕಚೇರಿ ದಾಟುವುದಿಲ್ಲ, ಅಂಕಗಳನ್ನು ನಕಲು ಮಾಡುವುದಿಲ್ಲ ಎಂಬ ಎರಡು ಮಾತು ಅದರಲ್ಲಿರಲಿ. ಈ ಎರಡು ಮಾತಿಲ್ಲದ ಮನವಿ ಮೇಜಿನ ಮೇಲೇ ಉಳಿಯುವುದು ಹೆಚ್ಚು. ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಹಾಕದೆ, ಪುಟದ ಸಂಖ್ಯೆ ಕಾಣುವ ಹಾಗೆ ಫೋಟೊ ತೆಗೆಯಿರಿ. ಒಬ್ಬರು ಓದುತ್ತ ಹೋಗಿ ಇನ್ನೊಬ್ಬರು ಟೈಪು ಮಾಡಿದರೆ ಗಂಟೆಗೆ ಐವತ್ತು ಹೆಸರು ಆರಾಮಾಗಿ ಆಗುತ್ತವೆ. ಒಬ್ಬರೇ ಕೂತರೆ ಅರ್ಧವೂ ಆಗುವುದಿಲ್ಲ, ತಪ್ಪೂ ಹೆಚ್ಚು.

ಮೊದಲ ಜಗಳ ಹುಟ್ಟುವುದು ‘ಬ್ಯಾಚ್’ ಎಂಬ ಮಾತಿನಿಂದ. ‘ನಾನು 78ರ ಬ್ಯಾಚ್’ ಎಂದು ಒಬ್ಬರು ಹೇಳಿದರೆ ಅದು ಪದವಿಗೆ ಸೇರಿದ ವರ್ಷವಿರಬಹುದು, ಅದೇ ಆವರಣದಲ್ಲಿ ಪಿ.ಯು.ಸಿ.ಗೆ ಸೇರಿದ ವರ್ಷವಿರಬಹುದು, ಪಾಸಾದ ವರ್ಷವೂ ಇರಬಹುದು. ಉಳಿದ ಒಂದು ವಿಷಯವನ್ನು ಸಪ್ಲಿಮೆಂಟರಿಯಲ್ಲಿ ಮುಗಿಸಿದವರು ತಮ್ಮ ಗೆಳೆಯರ ಪುಟದಿಂದ ಕಳಚಿ ಮುಂದಿನ ವರ್ಷಕ್ಕೆ ಬೀಳುತ್ತಾರೆ, ಬೇಸರ ಮಾಡಿಕೊಳ್ಳುತ್ತಾರೆ. ಅದಕ್ಕೆ ಮೂರು ಕಾಲಂ ಇಡಿ: ಸೇರಿದ ವರ್ಷ, ತರಗತಿಯಲ್ಲಿ ಕೂತ ಕೊನೆಯ ವರ್ಷ, ಪಾಸಾದ ವರ್ಷ. ಅಚ್ಚಿನಲ್ಲಿ ಹೆಸರು ನಿಲ್ಲಬೇಕಾದದ್ದು ನಡುವಿನ ವರ್ಷದ ಕೆಳಗೆ. ಗ್ರೂಪ್ ಫೋಟೊಗೂ ಅದೇ ವರ್ಷ ಹೊಂದುತ್ತದೆ. ಪದವಿ ಮುಗಿಸದೆ ಬಿಟ್ಟವರಿಗೂ ಇದೇ ನಿಯಮ. ಅವರನ್ನು ಪಟ್ಟಿಯಿಂದ ಕೈಬಿಡುವ ಸಂಘಗಳಿವೆ, ಅದು ತಪ್ಪು. ಫೀಸಿಗೆ ದುಡ್ಡು ಸಾಲದೆ ಎರಡನೇ ವರ್ಷಕ್ಕೆ ಓದು ಬಿಟ್ಟವರೂ ನಿಮ್ಮ ಕಾಲೇಜಿನವರೇ.

ಪಟ್ಟಿ ಕೈಗೆ ಬಂದ ಮೇಲೆ ವರ್ಷಕ್ಕೆ ಮೂವರನ್ನು ಹಿಡಿಯಿರಿ: ಹಾಸ್ಟೆಲಿನಲ್ಲಿದ್ದವರು ಒಬ್ಬರು, ಊರಿನಿಂದ ಓಡಾಡುತ್ತಿದ್ದವರು ಒಬ್ಬರು, ಒಬ್ಬ ವಿದ್ಯಾರ್ಥಿನಿ. ಈ ಮೂವರ ಬಳಗ ಮೂರು ಬೇರೆ. ‘ಎಲ್ಲರ ನಂಬರ್ ಕೊಡಿ’ ಅಂದರೆ ಯಾರೂ ಕೊಡುವುದಿಲ್ಲ. ಪಟ್ಟಿಯಿಂದ ಹತ್ತು ಹೆಸರು ಓದಿ, ‘ಇವರಲ್ಲಿ ಯಾರ ಸುದ್ದಿ ಗೊತ್ತು’ ಅನ್ನಿ. ನಿವೃತ್ತ ಗ್ರಂಥಪಾಲಕರು, ಲ್ಯಾಬ್ ಅಟೆಂಡರುಗಳನ್ನು ಮರೆಯಬೇಡಿ, ಮೇಷ್ಟ್ರುಗಳಿಗಿಂತ ಅವರಿಗೆ ಹೆಸರು ನೆನಪಿರುವುದು ಹೆಚ್ಚು. ಇನ್ನು ನಮ್ಮ ಭಾಗದಲ್ಲಿ ಯಾವ ಕಾಲದವರು ಎಲ್ಲಿ ಕೆಲಸಕ್ಕೆ ಸೇರಿದರು ಎಂಬುದಕ್ಕೂ ಒಂದು ಜಾಡಿದೆ. ಶಕ್ತಿನಗರದ ವಿದ್ಯುತ್ ಕೇಂದ್ರದ ಮೊದಲ ಘಟಕ ವಿದ್ಯುತ್ ಕೊಡತೊಡಗಿದ್ದು 1985ರಲ್ಲಿ, ಆ ಸುಮಾರಿನ ಡಿಪ್ಲೊಮಾ, ಬಿ.ಎಸ್ಸಿ.ಯವರನ್ನು ಅಲ್ಲಿ ವಿಚಾರಿಸಿ. ಆಮೇಲಿನವರಿಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ. ಹಟ್ಟಿ ಚಿನ್ನದ ಗಣಿ ಎಲ್ಲ ದಶಕಕ್ಕೂ ಸಲ್ಲುತ್ತದೆ. ಬಿ.ಕಾಂ. ಮಾಡಿದವರಿಗೆ ಬಳ್ಳಾರಿಯಲ್ಲಿ ಮುಖ್ಯ ಕಚೇರಿ ಇದ್ದ ತುಂಗಭದ್ರಾ ಗ್ರಾಮೀಣ ಬ್ಯಾಂಕು. ಅಲ್ಲಿಂದ ನಿವೃತ್ತರಾದ ಒಬ್ಬರು ಸಿಕ್ಕರೆ ಹತ್ತು ಜನ ಸಿಕ್ಕ ಹಾಗೆ.

ಒಂದೇ ಕಾಲೇಜಿನಲ್ಲಿ ಓದಿದ ನಮ್ಮವರ ಪದವಿ ಪತ್ರಗಳಲ್ಲಿ ಬೇರೆ ಬೇರೆ ವಿಶ್ವವಿದ್ಯಾಲಯಗಳ ಹೆಸರಿವೆ. ಎಲ್ಲರಿಗೂ ಈಗಿನ ಹೆಸರೇ ಹಾಕಿಬಿಡಬಹುದೆ? – ಓದುಗರು, ರಾಯಚೂರು

ಬೇಡ. ಪದವಿ ಪತ್ರದ ಮೇಲೆ ಯಾವ ಹೆಸರಿದೆಯೋ ಅದನ್ನೇ ಬರೆಯಿರಿ. ನಮ್ಮ ಮೂರು ಜಿಲ್ಲೆಗಳಷ್ಟು ವಿಶ್ವವಿದ್ಯಾಲಯ ಬದಲಾಯಿಸಿದ ಸೀಮೆ ಕಡಿಮೆ. ಈ ಬದಲಾವಣೆಯೇ ನಮ್ಮ ಚರಿತ್ರೆ, ಅದನ್ನು ಅಳಿಸಿ ಒಂದೇ ಹೆಸರು ಮಾಡುವುದು ಅನ್ಯಾಯ.

ರಾಯಚೂರು, ಕೊಪ್ಪಳ 1956ರ ನವೆಂಬರ್ 1ರ ತನಕ ಹೈದರಾಬಾದ್ ರಾಜ್ಯದಲ್ಲಿದ್ದವು. ಆ ಕಾಲದ ಪದವೀಧರರು ಉಸ್ಮಾನಿಯಾದವರು. 1918ರಲ್ಲಿ ಶುರುವಾದ ಆ ವಿಶ್ವವಿದ್ಯಾಲಯದ ಬೋಧನೆ ಬಹುಕಾಲ ಉರ್ದುವಿನಲ್ಲಿತ್ತು, ಹಾಗಾಗಿ ತೀರ ಹಳೆಯ ಪತ್ರಗಳು ಉರ್ದುವಿನಲ್ಲಿದ್ದರೆ ಗಾಬರಿಯಾಗಬೇಡಿ. ಅದೇ ಕಾಲದ ಶಾಲಾ ದಾಖಲೆಗಳಲ್ಲಿ ಫಸಲಿ ವರ್ಷ, ಅಂದರೆ ನಿಜಾಮರ ಆಡಳಿತ ಬಳಸುತ್ತಿದ್ದ ವರ್ಷದ ಲೆಕ್ಕ, ಇರುತ್ತದೆ. 1357 ಎಂದು ಕಂಡರೆ 590 ಕೂಡಿಸಿ, 1947 ಬರುತ್ತದೆ. ಫಸಲಿ ವರ್ಷ ಅಕ್ಟೋಬರಿಗೆ ಶುರುವಾಗುತ್ತಿದ್ದರಿಂದ ಅದರ ಹೆಚ್ಚಿನ ತಿಂಗಳುಗಳು 1948ಕ್ಕೆ ಸೇರುತ್ತವೆ. ತಿಂಗಳು ಗೊತ್ತಿಲ್ಲದಿದ್ದರೆ ‘1947–48’ ಎಂದೇ ಬರೆಯಿರಿ.

ಬಳ್ಳಾರಿಯದು ಬೇರೆ ದಾರಿ. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವ ತನಕ ಅದು ಮದ್ರಾಸಿನ ಆಡಳಿತದಲ್ಲಿತ್ತು. 1945ರಲ್ಲಿ ಆರಂಭವಾದ ವೀರಶೈವ ಕಾಲೇಜಿನ ಮೊದಲ ವರ್ಷಗಳವರು ಮದ್ರಾಸ್ ವಿಶ್ವವಿದ್ಯಾಲಯದ ಪದವೀಧರರು. ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಾಲ ಬಂತು, ಅದು ಮೂರೂ ಜಿಲ್ಲೆಗಳಿಗೆ. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ. 2010ರಲ್ಲಿ ಬಳ್ಳಾರಿ, ಕೊಪ್ಪಳದ ಕಾಲೇಜುಗಳಿಗೆ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ. ಆಮೇಲೆ ರಾಯಚೂರಿಗೆ ಅದರದೇ ವಿಶ್ವವಿದ್ಯಾಲಯ ಬಂತು, ಕೊಪ್ಪಳಕ್ಕೂ ಬಂತು. ವೃತ್ತಿ ಕಾಲೇಜುಗಳ ಲೆಕ್ಕವೇ ಬೇರೆ: 1961ರಲ್ಲಿ ಶುರುವಾದ ಬಳ್ಳಾರಿಯ ವೈದ್ಯಕೀಯ ಕಾಲೇಜು 1996ರ ನಂತರ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯಕ್ಕೆ ಸೇರಿತು, ಎಂಜಿನಿಯರಿಂಗ್ ಕಾಲೇಜುಗಳು 1998ರಿಂದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ. ರಾಯಚೂರಿನ ಕೃಷಿ ಕಾಲೇಜಿನಲ್ಲಿ ತೊಂಬತ್ತರ ದಶಕದಲ್ಲಿ ಓದಿದವರ ಪತ್ರ ಧಾರವಾಡ ಕೃಷಿ ವಿಶ್ವವಿದ್ಯಾಲಯದ್ದು. ರಾಯಚೂರು ಕೃಷಿ ವಿಶ್ವವಿದ್ಯಾಲಯ ಬಂದದ್ದು 2008ರಲ್ಲಿ.

ತಪ್ಪಾಗುವುದು ಗಡಿಯ ವರ್ಷಗಳಲ್ಲಿ. ಹೊಸ ವಿಶ್ವವಿದ್ಯಾಲಯ ಬಂದಾಗ ಮೊದಲೇ ಸೇರಿದ್ದವರು ಸಾಮಾನ್ಯವಾಗಿ ಹಳೆಯದರಲ್ಲೇ ಮುಗಿಸುತ್ತಾರೆ, ಹೊಸದಾಗಿ ಸೇರಿದವರು ಹೊಸದಕ್ಕೆ. ಹಾಗಾಗಿ ಒಂದೇ ಕಾರಿಡಾರಿನಲ್ಲಿ ಓಡಾಡಿದ ಸೀನಿಯರ್, ಜೂನಿಯರುಗಳ ಪತ್ರದ ಮೊಹರು ಬೇರೆ. ಗಡಿ ವರ್ಷದವರಿಂದ ಪತ್ರದ ಫೋಟೊ ತರಿಸಿ ನೋಡಿಯೇ ಬರೆಯಿರಿ, ನೆನಪಿನ ಮೇಲೆ ಬಿಡಬೇಡಿ. ಸಂಚಿಕೆಯಲ್ಲಿ ಹೆಸರುಗಳನ್ನು ಕಾಲೇಜು ಮತ್ತು ವರ್ಷದ ಮೇಲೆ ಜೋಡಿಸಿ. ವಿಶ್ವವಿದ್ಯಾಲಯದ ಮೇಲೆ ಜೋಡಿಸಿದರೆ ಒಂದು ತರಗತಿ ಎರಡು ಹೋಳಾಗುತ್ತದೆ.

ಊರಿನ ಹೆಸರಿಗೂ ಇದೇ ಎಚ್ಚರ. 1985ರ ರಿಜಿಸ್ಟರಿನಲ್ಲಿ ‘ಗಂಗಾವತಿ ತಾ., ರಾಯಚೂರು ಜಿ.’ ಎಂದಿದ್ದರೆ ಗುಮಾಸ್ತರ ತಪ್ಪಲ್ಲ, ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಹೊಸಪೇಟೆಯವರು 2021ರ ತನಕ ಬಳ್ಳಾರಿ ಜಿಲ್ಲೆಯವರು. ಮಸ್ಕಿ, ಸಿರವಾರ, ಕಾರಟಗಿ, ಕನಕಗಿರಿ, ಕುಕನೂರು, ಕಂಪ್ಲಿ, ಕುರುಗೋಡು ಇತ್ತೀಚಿನ ತಾಲ್ಲೂಕುಗಳು. ನಿಮ್ಮ ಹಾಳೆಯಲ್ಲಿ ಹಳೆಯದನ್ನೂ ಈಗಿನದನ್ನೂ ಇಟ್ಟುಕೊಳ್ಳಿ; ಅಚ್ಚಿಗೆ ಈಗಿನದು ಸಾಕು.

ನಾವು 1990ರ ಆಸುಪಾಸಿನ ಬಿ.ಎ. ವಿದ್ಯಾರ್ಥಿನಿಯರು. ಹನ್ನೊಂದು ಜನರಲ್ಲಿ ನಾಲ್ವರ ಪತ್ತೆ ಮಾತ್ರ ಇದೆ. ‘ಮದುವೆ ಆದ ಮ್ಯಾಲೆ ಯಾವ ಊರಿಗೆ ಹೋದ್ರೋ ಗೊತ್ತಾಗವಲ್ದು’ ಅಂತಾರೆ ಎಲ್ಲರೂ. ದಾರಿ ಇದೆಯೆ? – ಓದುಗರು, ಕೊಪ್ಪಳ

ಇದೆ, ನಿಧಾನದ್ದು. ಯಾವ ಸಂಚಿಕೆ ತೆಗೆದು ನೋಡಿದರೂ ಗಂಡಸರ ಪುಟ ತುಂಬಿ ಹೆಂಗಸರ ಪುಟ ಖಾಲಿ ಇರುವುದಕ್ಕೆ ಕಾರಣ ಅವರು ಸಿಗದಿರುವುದಲ್ಲ, ಹುಡುಕಿದವರು ಗಂಡನ ಮನೆಯ ಹೆಸರಿನಲ್ಲಿ ಹುಡುಕಿದ್ದು. ದಾಖಲಾತಿ ರಿಜಿಸ್ಟರಿನ ಊರೆಂದರೆ ತವರೂರು. ಅಲ್ಲಿಗೆ ಹೋಗಿ, ಇಲ್ಲವೇ ಆ ಊರಿನ ಹಳೆಯ ವಿದ್ಯಾರ್ಥಿಯೊಬ್ಬರಿಗೆ ಹೇಳಿ. ತಂದೆಯ ಹೆಸರು ಹೇಳಿದರೆ ಅಣ್ಣನ ಮನೆ ತೋರಿಸುತ್ತಾರೆ. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ; ಆ ವಾರ ವಿಚಾರಿಸಿದರೆ ಫೋನು ಮಾಡುವ ಗೊಡವೆಯಿಲ್ಲದೆ ಎದುರೇ ಸಿಗಬಹುದು. ಅದೇ ಕಾಲೇಜಿನಲ್ಲಿ ಹಿಂದೆ ಮುಂದೆ ಓದಿದ ತಂಗಿ, ತಮ್ಮಂದಿರನ್ನು ರಿಜಿಸ್ಟರಿನಲ್ಲಿ ತಂದೆಯ ಹೆಸರಿನಿಂದಲೇ ಹುಡುಕಬಹುದು. ಬಿ.ಇಡಿ., ಟಿ.ಸಿ.ಎಚ್. ಮಾಡಿ ಶಿಕ್ಷಕಿಯರಾದವರನ್ನು ಅದೇ ತಾಲ್ಲೂಕಿನ ಇನ್ನೊಬ್ಬ ಶಿಕ್ಷಕಿ ಖಂಡಿತ ಬಲ್ಲರು.

ಸಿಕ್ಕ ನಂಬರು ಬಹಳ ಸಲ ಗಂಡನದೋ ಮಗನದೋ ಆಗಿರುತ್ತದೆ. ಮೊದಲ ಕರೆಯಲ್ಲೇ ಕಾಲೇಜಿನ ಹೆಸರು, ವರ್ಷ, ನಿಮ್ಮ ಹೆಸರು ಹೇಳಿ, ‘ಅಕ್ಕಾರ ಜೊತೆ ಓದಿದವರು’ ಎಂದು ತಿಳಿಸಿ, ಅವರ ಜೊತೆಗೇ ಮಾತಾಡಲು ಕೇಳಿ. ಕರೆ ಮಾಡುವವರು ಸಹಪಾಠಿಣಿಯೇ ಆಗಿದ್ದರೆ ಒಳ್ಳೆಯದು. ವಿವರವನ್ನು ಗಂಡನ ಬಾಯಿಂದ ಬರೆದುಕೊಳ್ಳಬೇಡಿ. ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಅವರ ಹೆಂಡತಿ ಹನ್ನೆರಡು ವರ್ಷ ಅಂಗನವಾಡಿ ನಡೆಸಿದ್ದು ಬಿಟ್ಟುಹೋಗಿ ತಮ್ಮ ಹುದ್ದೆ ಸೇರಿಕೊಂಡಿರುತ್ತದೆ.

ಅಚ್ಚಿನಲ್ಲಿ ರಿಜಿಸ್ಟರಿನ ಹೆಸರು ಮೊದಲು, ಈಗಿನ ಹೆಸರು ಪಕ್ಕದಲ್ಲಿ. ಅಕಾರಾದಿ ಜೋಡಿಸುವಾಗ ಅಡ್ಡಹೆಸರನ್ನು ಹಿಡಿಯಬೇಡಿ, ಕೊಟ್ಟ ಹೆಸರನ್ನು ಹಿಡಿಯಿರಿ. ಬಳ್ಳಾರಿ, ಸಿರುಗುಪ್ಪದ ಕಡೆ ಇನಿಷಿಯಲ್ ಮುಂದೆ ಬರುತ್ತದೆ. ಕೊಪ್ಪಳ, ಯಲಬುರ್ಗಾ, ಲಿಂಗಸುಗೂರಿನ ಕಡೆ ಪಾಟೀಲ, ಹಿರೇಮಠ, ಬಡಿಗೇರ, ಗೌಡರ ಎಂದು ಹಿಂದೆ ಬರುತ್ತದೆ. ಎರಡನ್ನೂ ಒಂದೇ ಪಟ್ಟಿಯಲ್ಲಿ ಹೊಂದಿಸಲು ಕೊಟ್ಟ ಹೆಸರೊಂದೇ ಆಧಾರ, ಮದುವೆಯಿಂದ ಬದಲಾಗದೆ ಉಳಿಯುವುದೂ ಹೆಚ್ಚಾಗಿ ಅದೇ. ವೀರಣ್ಣ ಊರಲ್ಲಿ ಈರಣ್ಣನಾಗಿರುತ್ತಾನೆ. ಇಂಗ್ಲಿಷಿನಲ್ಲಿ ಟೈಪಾದ ಬಸವರಾಜ ‘ವಿ’ಯಲ್ಲಿ ಒಮ್ಮೆ, ‘ಡಬ್ಲ್ಯು’ವಿನಲ್ಲಿ ಒಮ್ಮೆ ಬಂದು ಒಬ್ಬರೇ ಇಬ್ಬರಾಗುತ್ತಾರೆ. ಹೆಸರು, ತಂದೆಯ ಹೆಸರು, ಸೇರಿದ ವರ್ಷ ಮೂರೂ ಕೂಡಿದರೆ ಮಾತ್ರ ಒಬ್ಬರೆಂದು ತಿಳಿಯಿರಿ.

ಬಹಳ ಜನ ‘ನಂದೇನೈತ್ರಿ ಸಾಧನೆ, ಹೊಲ ಮನಿ ನೋಡ್ಕೊಂಡು ಅದೀನಿ’ ಎಂದು ಫೋನು ಇಟ್ಟುಬಿಡುತ್ತಾರೆ. ಅಂಥವರ ಬಗ್ಗೆ ಏನು ಬರೆಯಬೇಕು? – ಸಂಚಿಕೆಯ ಸಂಪಾದಕ ಮಂಡಳಿಯವರು, ಸಿಂಧನೂರು

ನಿಮ್ಮ ಸಂಚಿಕೆ ನಿಲ್ಲುವುದು ಇವರ ಮೇಲೆ. ದೊಡ್ಡ ಹುದ್ದೆಯವರ ವಿವರ ಎಲ್ಲಿ ಬೇಕಾದರೂ ಸಿಗುತ್ತದೆ. ಪದವಿ ಓದಿ ಊರಿಗೆ ಮರಳಿದವರ ವಿವರ ನೀವು ಬರೆಯದಿದ್ದರೆ ಬೇರೆಲ್ಲೂ ಇರುವುದಿಲ್ಲ. ತಪ್ಪು ಪ್ರಶ್ನೆಯಲ್ಲಿದೆ. ‘ನಿಮ್ಮ ಸಾಧನೆ ಏನು’ ಎಂದು ಕೇಳಿದರೆ ಮರ್ಯಾದಸ್ಥರಾದ ಯಾರೂ ಉತ್ತರ ಕೊಡುವುದಿಲ್ಲ. ಆ ಶಬ್ದವನ್ನು ನಿಮ್ಮ ಫಾರಂನಿಂದಲೇ ತೆಗೆಯಿರಿ.

ಬದಲಿಗೆ ಹೀಗೆ ಕೇಳಿ: ಕಾಲೇಜು ಬಿಟ್ಟ ಮರುವರ್ಷ ಎಲ್ಲಿದ್ದಿರಿ? ಈಗಿನ ಕೆಲಸಕ್ಕೆ ಕೈ ಹಾಕಿದ್ದು ಯಾವ ವರ್ಷ? ಎಷ್ಟು ಎಕರೆ, ಯಾವ ಬೆಳೆ, ನೀರು ಎಲ್ಲಿಂದ? ಅದರಲ್ಲಿ ನೀವಾಗಿ ಬದಲಿಸಿದ್ದು ಏನು? ಊರಿನವರು ಯಾವ ಕೆಲಸಕ್ಕೆ ನಿಮ್ಮನ್ನು ಕರೆಯುತ್ತಾರೆ? ಕೊನೆಯ ಪ್ರಶ್ನೆಯಿಂದ ಎಷ್ಟೋ ಹೊರಬರುತ್ತದೆ: ಸೊಸೈಟಿಯ ಲೆಕ್ಕ ಬರೆಯುವವರು, ಬಯಲಾಟಕ್ಕೆ ಹಾರ್ಮೋನಿಯಂ ಹಿಡಿಯುವವರು, ಬ್ಯಾಂಕಿನ ಅರ್ಜಿ ತುಂಬಿಕೊಡುವವರು. ವರ್ಷ ನೆನಪಾಗದಿದ್ದರೆ ಎಲ್ಲರಿಗೂ ಗೊತ್ತಿರುವ ಘಟನೆ ಹಿಡಿದು ಕೇಳಿ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದದ್ದು ಆಯಕಟ್ಟಿನ ಒಬ್ಬರೂ ಮರೆತಿಲ್ಲ, ‘ಅದಕ್ಕೂ ಮೊದಲಾ, ಆಮೇಲಾ’ ಎಂದರೆ ಸಾಕು.

ಬರೆದ ಮೇಲೆ ಹೇಗಿರಬೇಕು ಎಂಬುದಕ್ಕೆ ನಾವೇ ಕಟ್ಟಿದ ಒಂದು ಮಾದರಿ:

‘ಬಿ.ಎಸ್ಸಿ., 1987. ಪರೀಕ್ಷೆ ಮುಗಿಸಿ ಊರಿಗೆ ಬಂದವರು ಒಕ್ಕಲುತನದಲ್ಲೇ ನಿಂತರು. ಎಡದಂಡೆ ಕಾಲುವೆಯ ಕೆಳಭಾಗದಲ್ಲಿ 9 ಎಕರೆ. ಎರಡನೇ ಬೆಳೆಗೆ ನೀರು ತಲುಪದ ವರ್ಷಗಳಲ್ಲಿ ಭತ್ತ ಬಿಟ್ಟು ಜೋಳ, ಕಡಲೆ ಹಾಕುತ್ತಾರೆ. ಊರಿನ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು ಇಲ್ಲದಿದ್ದ ಎರಡು ವರ್ಷ ಸಂಜೆ ಪಾಠ ಹೇಳಿದರು. ಮಗಳು ಇದೇ ಕಾಲೇಜಿನಲ್ಲಿ 2014ರ ಬಿ.ಎಸ್ಸಿ.’

ಮೂವತ್ತೈದು ಶಬ್ದಗಳ ಆಸುಪಾಸು. ಹೊಗಳಿಕೆಯ ಒಂದು ವಿಶೇಷಣವೂ ಇಲ್ಲ. ಈ ಅಳತೆ ಎಲ್ಲರಿಗೂ ಒಂದೇ ಇರಲಿ, ನ್ಯಾಯಾಧೀಶರಿಗೂ ಇಷ್ಟೇ, ಕಿರಾಣಿ ಅಂಗಡಿಯವರಿಗೂ ಇಷ್ಟೇ. ಹುದ್ದೆ ನೋಡಿ ಜಾಗ ಕೊಡತೊಡಗಿದ ದಿನ ಉಳಿದವರು ಫಾರಂ ಕಳಿಸುವುದನ್ನು ನಿಲ್ಲಿಸುತ್ತಾರೆ.

ಇದಕ್ಕೆ ತದ್ವಿರುದ್ಧ ನಮ್ಮದು. ಒಬ್ಬರು ಎರಡು ಪುಟ ಪ್ರಶಸ್ತಿಗಳ ಪಟ್ಟಿ ಕಳಿಸಿ ‘ಒಂದಕ್ಷರ ಬಿಡಬೇಡಿ’ ಅಂದಿದ್ದಾರೆ. – ಓದುಗರು, ಮಾನ್ವಿ

ಅಳತೆಯನ್ನು ಫಾರಂನಲ್ಲೇ ಮೊದಲು ಅಚ್ಚು ಹಾಕಿದ್ದರೆ ಈ ಮುಜುಗರ ಇರುತ್ತಿರಲಿಲ್ಲ. ಈಗಲೂ ತಡವಾಗಿಲ್ಲ, ‘ಎಲ್ಲರಿಗೂ 50 ಶಬ್ದ, ಪ್ರಶಸ್ತಿ ಎರಡು, ಯಾವ ಎರಡು ಎಂಬುದನ್ನು ತಾವೇ ಆರಿಸಿ’ ಎಂದು ಬರೆದು ಕಳಿಸಿ. ಆಯ್ಕೆ ಅವರಿಗೇ ಬಿಟ್ಟರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಆರಿಸಿ ಕೊಟ್ಟದ್ದನ್ನೂ ಪರಿಶೀಲಿಸಿ. ರಾಜ್ಯೋತ್ಸವ ಪ್ರಶಸ್ತಿ ಪುರಸ್ಕೃತರ ಪಟ್ಟಿಯನ್ನು ಸರ್ಕಾರ ಪ್ರತಿ ವರ್ಷ ಪ್ರಕಟಿಸುತ್ತದೆ, ವರ್ಷ ಕೇಳಿ ಹೋಲಿಸಿ. ‘ಡಾ.’ ಎಂದಿದ್ದರೆ ವೈದ್ಯರೋ, ಪಿಎಚ್.ಡಿ.ಯೋ, ಗೌರವ ಡಾಕ್ಟರೇಟೋ ಎಂದು ಕೇಳುವುದಕ್ಕೆ ಸಂಕೋಚ ಬೇಡ. ಈಚಿನ ಪಿಎಚ್.ಡಿ. ಪ್ರಬಂಧಗಳು ‘ಶೋಧಗಂಗಾ’ ಎಂಬ ಅಂತರ್ಜಾಲ ಭಂಡಾರದಲ್ಲಿ ಹೆಸರು, ವಿಶ್ವವಿದ್ಯಾಲಯದ ಸಮೇತ ಸಿಗುವುದುಂಟು. ಅಲ್ಲಿ ಇಲ್ಲವೆಂದ ಮಾತ್ರಕ್ಕೆ ಸುಳ್ಳಲ್ಲ, ಹಳೆಯವು ಎಷ್ಟೋ ಸೇರಿಲ್ಲ, ಪದವಿ ಪತ್ರದ ನಕಲು ನೋಡಿದರಾಯಿತು. ಗೌರವ ಡಾಕ್ಟರೇಟಾದರೆ ಕೊಟ್ಟ ವಿಶ್ವವಿದ್ಯಾಲಯದ ಹೆಸರನ್ನೂ ವರ್ಷವನ್ನೂ ಬರೆಯಿರಿ, ಹೆಸರಿಗೆ ‘ಡಾ.’ ಸೇರಿಸಬೇಡಿ. ಸರ್ಕಾರದ್ದೆಂಬಂತೆ ಕೇಳುವ ಹೆಸರಿಟ್ಟುಕೊಂಡು ಶುಲ್ಕ ಪಡೆದು ಪ್ರಶಸ್ತಿ ಕೊಡುವ ಸಂಸ್ಥೆಗಳಿವೆ. ಪ್ರಶಸ್ತಿ ಕೊಟ್ಟವರು ಯಾರು, ಯಾವ ಕೆಲಸಕ್ಕೆ ಎಂಬ ಎರಡಕ್ಕೆ ಉತ್ತರ ಬರದಿದ್ದರೆ ಬಿಟ್ಟುಬಿಡಿ. ಹುದ್ದೆಗಳಲ್ಲಿ ‘ಉನ್ನತ ಅಧಿಕಾರಿ’ ಎಂಬುದು ಏನನ್ನೂ ಹೇಳುವುದಿಲ್ಲ. ಹುದ್ದೆ, ಇಲಾಖೆ, ಊರು, ನಿವೃತ್ತಿಯ ವರ್ಷ ಇರಲಿ. ಸಂಸ್ಥೆಯ ಹೆಸರೂ ಅವರು ಅಲ್ಲಿದ್ದ ಕಾಲದ್ದೇ ಇರಲಿ. 2000ದಲ್ಲಿ ನಿವೃತ್ತರಾದವರು ತುಂಗಭದ್ರಾ ಗ್ರಾಮೀಣ ಬ್ಯಾಂಕಿನವರೇ, 2005ರಲ್ಲಿ ಆ ಬ್ಯಾಂಕು ವಿಲೀನವಾಗಿ ಹೆಸರು ಬದಲಾದರೂ.

ನಿಧನರಾದವರ ಪಟ್ಟಿಯಲ್ಲಿ ಬದುಕಿರುವವರೊಬ್ಬರ ಹೆಸರು ಸೇರಿಬಿಟ್ಟಿತು. ಇನ್ನು ಮುಂದೆ ಹೀಗಾಗದಂತೆ ಏನು ಮಾಡಬೇಕು? – ಓದುಗರು, ಸಂಡೂರು

ಮೊದಲು ಅವರ ಮನೆಗೆ ಸಂಘದ ಅಧ್ಯಕ್ಷರೇ ಹೋಗಿ ಕ್ಷಮೆ ಕೇಳಲಿ, ಆಮೇಲೆ ಅಚ್ಚಿನಲ್ಲಿ ತಿದ್ದುಪಡಿ. ಹಂಚದೆ ಉಳಿದ ಪ್ರತಿಗಳಿಗೆ ತಿದ್ದುಪಡಿ ಚೀಟಿ ಅಂಟಿಸಿ.

ಇಂಥ ತಪ್ಪು ಆಗುವುದು ಒಂದೇ ಹೆಸರಿನ ಇಬ್ಬರಿಂದ, ಇಲ್ಲವೇ ಗುಂಪಿನಲ್ಲಿ ಬಂದ ‘ಓಂ ಶಾಂತಿ’ಯಿಂದ. ಒಬ್ಬರು ಹಾಕಿದ ಮೇಲೆ ಮೂವತ್ತು ಜನ ಕೈ ಮುಗಿದರೂ ಮೂಲ ಒಂದೇ. ಮನೆಯವರೊಬ್ಬರು ಮತ್ತು ಊರಿನ ಇನ್ನೊಬ್ಬರು, ಬೇರೆ ಬೇರೆಯಾಗಿ ಹೇಳಿದ ಮೇಲೆಯೇ ಹೆಸರು ಹಾಕಿ. ತಾರೀಖು ಸಿಗದಿದ್ದರೆ ವರ್ಷ ಸಾಕು. ಕಾಯಿಲೆ ಬರೆಯಬೇಡಿ. 2020, 2021ರಲ್ಲಿ ಹೋದವರ ಮನೆಯವರೊಂದಿಗೆ ಮಾತಾಡುವಾಗ ಫಾರಂ ಬದಿಗಿಟ್ಟು ಮಾತಾಡಿ, ವಿವರ ಎರಡನೇ ಸಲಕ್ಕೆ ಕೇಳಿ. ಆ ಮನೆಗಳಲ್ಲಿ ಎಷ್ಟೋ ಜನಕ್ಕೆ ಕೊನೆಯ ದರ್ಶನವೂ ಆಗಿಲ್ಲ. ತೀರಿಕೊಂಡವರಿಗೂ ಉಳಿದವರಷ್ಟೇ ಸಾಲುಗಳಲ್ಲಿ ಬದುಕಿನ ವಿವರ ಕೊಡಿ. ಕಪ್ಪು ಚೌಕದಲ್ಲಿ ಬರೀ ಹೆಸರು ಹಾಕಿ ಮುಗಿಸಬೇಡಿ.

ಎಲ್ಲರ ಫೋನ್ ನಂಬರ್, ವಿಳಾಸ ಸೇರಿಸಿ ಡೈರೆಕ್ಟರಿ ಅಚ್ಚು ಹಾಕಬಹುದೆ? ವಿದೇಶದ ಗೆಳೆಯರು ಅಚ್ಚಿನ ಖರ್ಚಿಗೆ ಹಣ ಕಳಿಸುತ್ತೇವೆ ಅಂದಿದ್ದಾರೆ, ಕಾರ್ಯದರ್ಶಿಯ ಖಾತೆಗೆ ಹಾಕಿಸಿಕೊಳ್ಳಬಹುದೆ? – ಓದುಗರು, ಗಂಗಾವತಿ

ನಂಬರು ಅಚ್ಚು ಹಾಕಬೇಡಿ. ಅಚ್ಚಾದ ಪಟ್ಟಿ ಯಾರ ಕೈಗೆ ಬೇಕಾದರೂ ಹೋಗುತ್ತದೆ, ಸಹಪಾಠಿಯ ಹೆಸರು ಹೇಳಿ ‘ಆಸ್ಪತ್ರೆಯಲ್ಲಿದ್ದೇನೆ, ತುರ್ತು ಹಣ ಹಾಕು’ ಎನ್ನುವ ವಂಚಕರಿಗೆ ಬೇಕಾದದ್ದು ಇದೇ. ಅಚ್ಚಿನಲ್ಲಿ ಊರು ಸಾಕು, ನಂಬರು ಸಂಘದ ಹಾಳೆಯಲ್ಲಿರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯನ್ನು ಮುಖ್ಯ ಮಾಡಿದೆ, ಕೊಟ್ಟ ಒಪ್ಪಿಗೆಯನ್ನು ಅಷ್ಟೇ ಸುಲಭವಾಗಿ ಹಿಂಪಡೆಯುವ ಹಕ್ಕನ್ನೂ ಕೊಟ್ಟಿದೆ. ಫಾರಂನ ಕೊನೆಗೆ ಇಷ್ಟು ಬರೆದು ಸಹಿ ತೆಗೆದುಕೊಳ್ಳಿ: ‘ಮೇಲಿನ ವಿವರವನ್ನು ಸ್ಮರಣ ಸಂಚಿಕೆಯಲ್ಲಿ ಮಾತ್ರ ಪ್ರಕಟಿಸಲು ಒಪ್ಪಿದ್ದೇನೆ. ಫೋನ್ ನಂಬರ್ ಪ್ರಕಟಿಸಬಾರದು. ಬೇಡವೆನಿಸಿದರೆ ಅಚ್ಚಿಗೆ ಹೋಗುವ ಮುಂಚೆ ತಿಳಿಸುತ್ತೇನೆ.’ ವಾಟ್ಸಾಪಿನಲ್ಲಿ ‘ಒಪ್ಪಿದೆ’ ಎಂದು ಕಳಿಸಿದರೆ ಅದರ ಚಿತ್ರ ತೆಗೆದು ತಾರೀಖಿನೊಂದಿಗೆ ಇಡಿ.

ಹಣದ ವಿಷಯ: ಸ್ವಂತ ಖಾತೆಗೆ ಬೇಡವೇ ಬೇಡ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿ ಸಂಘ ನೋಂದಾಯಿಸಬಹುದು. ಬಳಿಕ ಸಂಘದ ಹೆಸರಿನಲ್ಲಿ ಪ್ಯಾನ್, ಬ್ಯಾಂಕ್ ಖಾತೆ, ಪ್ರತಿ ವರ್ಷ ಲೆಕ್ಕ ತಪಾಸಣೆ. ಹೊರದೇಶದಲ್ಲಿದ್ದರೂ ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಬೇರೆ ದೇಶದ ಪೌರತ್ವ ಪಡೆದವರದು, ಭಾರತ ಮೂಲದವರಿಗೆ ಕೊಡುವ ಒ.ಸಿ.ಐ. ಕಾರ್ಡ್ ಇದ್ದರೂ, ವಿದೇಶಿ ದೇಣಿಗೆ. ಅದಕ್ಕೆ ಎಫ್.ಸಿ.ಆರ್.ಎ. (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು, ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಖಾತೆ ಬೇಕು. ಒಂದು ಸಂಚಿಕೆಗಾಗಿ ಅದರ ಬೆನ್ನು ಹತ್ತುವುದು ವ್ಯರ್ಥ. ಅಂಥ ಗೆಳೆಯರಿಂದ ಹಣ ಬೇಡ, ಹಳೆಯ ಫೋಟೊ, ವಿವರ ತರಿಸಿಕೊಳ್ಳಿ. ಕಾಲೇಜಿನ ಗುಣಮಟ್ಟ ಅಳೆಯಲು ನ್ಯಾಕ್ ತಂಡ ಬರುವಾಗ ನೋಂದಾಯಿತ ಹಳೆಯ ವಿದ್ಯಾರ್ಥಿ ಸಂಘ ಇದೆಯೇ ಎಂದು ಕೇಳುತ್ತಾರಾದ್ದರಿಂದ ನೋಂದಣಿಗೆ ಪ್ರಾಂಶುಪಾಲರ ಬೆಂಬಲವೂ ಸಿಗುತ್ತದೆ.

ಸುಮಾರು 400 ಜನರ ವಿವರಕ್ಕೆ ಎಷ್ಟು ಪುಟ ಬೇಕಾದೀತು? ನುಡಿ ತಂತ್ರಾಂಶದಲ್ಲಿ ಟೈಪಾಗಿ ಬಂದದ್ದನ್ನು ಯೂನಿಕೋಡ್ ಮಾಡಿದರೆ ಹೆಸರುಗಳು ಕೆಡುತ್ತಿವೆ. – ಓದುಗರು, ಸಿರುಗುಪ್ಪ

ತಲಾ 45 ಶಬ್ದವೆಂದರೆ 18,000 ಶಬ್ದ. ಡೆಮಿ ಆಕಾರದ ಪುಟಕ್ಕೆ 250ರಿಂದ 300 ಶಬ್ದ ಹಿಡಿಯುತ್ತದೆ, ಅಂದರೆ 60ರಿಂದ 72 ಪುಟ. ಮುಖದ ಫೋಟೊ ಸೇರಿದರೆ 96 ಎಂದು ಲೆಕ್ಕ ಹಿಡಿಯಿರಿ. ಮುದ್ರಕರು ಫಾರ್ಮು ಎನ್ನುವ 16 ಪುಟದ ಕಂತೆಗಳು ಸರಿಯಾಗಿ ಆರು. 98 ಪುಟವಾದರೆ ಎರಡು ಪುಟಕ್ಕಾಗಿ ಇನ್ನೊಂದು ಫಾರ್ಮಿನ ಖರ್ಚು ಬೀಳುತ್ತದೆ. ಫೋಟೊ ಪಾಸ್‌ಪೋರ್ಟ್ ಅಳತೆಯಲ್ಲಿ, ಅಂದರೆ 3.5 x 4.5 ಸೆಂ.ಮೀ. ಅಚ್ಚಾಗಲು ಕನಿಷ್ಠ 413 x 531 ಪಿಕ್ಸೆಲ್ ಬೇಕು. ವಾಟ್ಸಾಪಿನಲ್ಲಿ ಫೋಟೊ ಎಂದು ಕಳಿಸಿದರೆ ಕುಗ್ಗುತ್ತದೆ, ‘ಡಾಕ್ಯುಮೆಂಟ್’ ಎಂದು ಕಳಿಸಲು ಹೇಳಿ.

ನುಡಿಯಿಂದ ಬದಲಾಯಿಸಿದಾಗ ಕೆಡುವುದು ಹೆಚ್ಚಾಗಿ ಅರ್ಕಾವತ್ತು, ದೀರ್ಘ, ಒತ್ತಕ್ಷರಗಳ ಜಾಗ. ಇಂಗ್ಲಿಷ್ ಅಕ್ಷರ, ಅಂಕಿಗಳು ನಡುವೆ ಬೆರೆತಿದ್ದರೆ ಅವು ಕನ್ನಡವಾಗಿ ತಿರುಗಿ ಅರ್ಥವಿಲ್ಲದ್ದಾಗುತ್ತವೆ. ಕರಡು ತಿದ್ದುವಾಗ ಪಠ್ಯವನ್ನು ಒಬ್ಬರು ನೋಡಲಿ. ಹೆಸರು, ವರ್ಷಗಳನ್ನು ಇನ್ನೊಬ್ಬರು ರಿಜಿಸ್ಟರಿನ ಫೋಟೊ ಪಕ್ಕಕ್ಕಿಟ್ಟುಕೊಂಡು ಗಟ್ಟಿಯಾಗಿ ಓದಿ ಸರಿಹೊಂದಿಸಲಿ. ಕಣ್ಣಿಗೆ ತಪ್ಪಿಸಿಕೊಂಡದ್ದು ಕಿವಿಗೆ ಸಿಗುತ್ತದೆ.

ನಮ್ಮ ಹತ್ತಿರ 1969ರ ಗ್ರೂಪ್ ಫೋಟೊ ಇದೆ. ಕೆಳಗೆ ಹೆಸರಿನ ಪಟ್ಟಿ ಹರಿದುಹೋಗಿದೆ. ಅರ್ಧ ಮುಖಗಳ ಗುರುತಿಲ್ಲ. – ಓದುಗರು, ಕಂಪ್ಲಿ

ಗಾಜಿಗೆ ಅಂಟಿಕೊಂಡಿದ್ದರೆ ಕೀಳಬೇಡಿ, ಪದರವೇ ಕಿತ್ತು ಬರುತ್ತದೆ. ಗಾಜಿನ ಸಮೇತ 600 ಡಿ.ಪಿ.ಐ.ಗೆ ಸ್ಕ್ಯಾನ್ ಮಾಡಿಸಿ. ಎ3 ಅಳತೆಯಲ್ಲಿ ಪ್ರಿಂಟ್ ತೆಗೆದು ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ಪ್ರತಿ ತಲೆಯ ಸುತ್ತ ಗೆರೆ ಎಳೆದು, ಕುಳಿತ ಸಾಲಿನ ಎಡದಿಂದ ಶುರು ಮಾಡಿ ಒಂದು, ಎರಡು ಎಂದು ಸಂಖ್ಯೆ ಹಾಕಿ. ‘ಎಡದಿಂದ ಐದನೆಯವರು’ ಎಂದು ಫೋನಿನಲ್ಲಿ ಮಾತಾಡಿದರೆ ನಿಂತ ಸಾಲು, ಕುಳಿತ ಸಾಲು ಕಲಸಿಹೋಗುತ್ತವೆ. ‘23ನೇ ನಂಬರಿನವರು’ ಎಂದರೆ ಗೊಂದಲವಿಲ್ಲ. ಪ್ರಿಂಟನ್ನು ಒಬ್ಬೊಬ್ಬರಿಗೇ ತೋರಿಸಿ. ನಾಲ್ವರು ಕೂಡಿ ನೋಡಿದರೆ ಮೊದಲು ಮಾತಾಡಿದವರ ಮಾತೇ ಎಲ್ಲರದಾಗುತ್ತದೆ. ಇಬ್ಬರು ಬೇರೆ ಬೇರೆಯಾಗಿ ಹೇಳಿದ ಹೆಸರು ಒಂದೇ ಆದರೆ ಬರೆಯಿರಿ. ಮುಖಕ್ಕಿಂತ ಪಕ್ಕದಲ್ಲಿ ಕೂತವರು ಯಾರೆಂಬುದರಿಂದ ಎಷ್ಟೋ ಸಲ ಹೆಸರು ನೆನಪಾಗುತ್ತದೆ, ಅದನ್ನೂ ಕೇಳಿ. ಅಟೆಂಡರುಗಳನ್ನು ಬಿಡಬೇಡಿ, ನಿಂತ ಕೊನೆಯ ಸಾಲಿನ ಎರಡೂ ತುದಿಗೆ ಹೆಚ್ಚಾಗಿ ಅವರೇ ಇರುತ್ತಾರೆ.

ಅಚ್ಚಿನಲ್ಲಿ ಫೋಟೊ ಒಂದು ಪುಟಕ್ಕೆ, ಎದುರು ಪುಟಕ್ಕೆ ಸಂಖ್ಯೆಯ ಗೆರೆಚಿತ್ರ ಮತ್ತು ಹೆಸರುಗಳು. ಗುರುತು ಸಿಗದವರ ಸಂಖ್ಯೆಯನ್ನು ತೆಗೆಯಬೇಡಿ. ಮುಂದೆ ಪೆನ್ನಿನಲ್ಲಿ ಬರೆಯುವಷ್ಟು ಖಾಲಿ ಗೆರೆ ಬಿಡಿ, ಹೆಸರು ತಿಳಿದವರು ಬರೆದು ಕಳಿಸಲು ಸಂಘದ ವಿಳಾಸವನ್ನು ಅದರ ಕೆಳಗೇ ಹಾಕಿ.